ಮಠದಿಂದ ಮನೆಗೆ ಬಂದ ಪ್ರಾರ್ಥನೆ

1525ರ ಜೂನ್ 13ರಂದು ಜರ್ಮನಿಯ ವಿಟನ್‌ಬರ್ಗ್ ಪಟ್ಟಣದಲ್ಲಿ ಒಂದು ಮದುವೆ ನಡೆಯಿತು. ವರ ಮಾರ್ಟಿನ್ ಲೂಥರ್; ವಯಸ್ಸು 41, ಹಿಂದೆ ಸನ್ಯಾಸಿ. ವಧು ಕತರೀನಾ ಫಾನ್ ಬೋರಾ; ವಯಸ್ಸು 26, ಎರಡು ವರ್ಷಗಳ ಹಿಂದೆ ಈಸ್ಟರ್ ಹಬ್ಬದ ಹೊತ್ತಿಗೆ ಕಾನ್ವೆಂಟಿನಿಂದ ತಪ್ಪಿಸಿಕೊಂಡು ಬಂದವಳು. ಅವರು ಸಂಸಾರ ಹೂಡಿದ್ದು ಲೂಥರ್ ಸನ್ಯಾಸಿಯಾಗಿ ಬಾಳಿದ್ದ ಅದೇ ಹಳೆಯ ಮಠದಲ್ಲಿ. ಸನ್ಯಾಸಿಗಳು ಪ್ರಾರ್ಥನೆ ಮಾಡಿಕೊಂಡಿದ್ದ ಕಟ್ಟಡದಲ್ಲಿ ಮುಂದೆ ಆರು ಮಕ್ಕಳು ಓಡಾಡಿದವು.

ಈ ಸ್ಥಳಾಂತರದ ಮಹತ್ವ ಅರಿಯಬೇಕಾದರೆ ಅಂದಿನ ನಂಬಿಕೆಯನ್ನು ನೆನೆಯಬೇಕು. ಮಧ್ಯಯುಗದ ಯೂರೋಪಿನಲ್ಲಿ ಮದುವೆ ಪವಿತ್ರ ಸಂಸ್ಕಾರವೇ ಆಗಿದ್ದರೂ ಬ್ರಹ್ಮಚರ್ಯ ಅದಕ್ಕಿಂತ ಮೇಲು ಎನಿಸಿಕೊಂಡಿತ್ತು. ಪ್ರಾರ್ಥನೆಗಾಗಿ ಗಂಡ ಹೆಂಡತಿ ಪರಸ್ಪರ ಒಪ್ಪಿ ಕೆಲಕಾಲ ದೂರವಿರಬಹುದೆಂದು ಸಂತ ಪೌಲ ಕೊರಿಂಥದವರಿಗೆ ಬರೆದಿದ್ದ. ದಾಂಪತ್ಯಕ್ಕೂ ಪ್ರಾರ್ಥನೆಗೂ ಅಷ್ಟಾಗಿ ಹೊಂದಿಕೆಯಾಗದು ಎಂದು ಹಲವರು ಅದನ್ನು ಅರ್ಥಮಾಡಿಕೊಂಡರು. ಮನೆಗಳಲ್ಲಿ ಪ್ರಾರ್ಥನೆ ಇರಲಿಲ್ಲವೆಂದಲ್ಲ. ಜಪಮಾಲೆ ಹಿಡಿದ ಗೃಹಿಣಿಯರು ಬಹಳ ಮಂದಿ ಇದ್ದರು. ಆದರೆ ಅದನ್ನೇ ಪೂರ್ಣಾವಧಿ ಕಾಯಕವಾಗಿ ಮಾಡುತ್ತಿದ್ದವರು ಮಠದವರು.

ಆ ಕಾಯಕದ ಭಾರ ಲೂಥರನಿಗೆ ಚೆನ್ನಾಗಿ ಗೊತ್ತಿತ್ತು. ಬೋಧನೆಯ ಕೆಲಸ ಹೆಚ್ಚಾದಾಗ ನಿತ್ಯದ ಪ್ರಾರ್ಥನೆಗಳು ಬಾಕಿ ಬೀಳುತ್ತಿದ್ದವು. ವಾರದ ಕೊನೆಗೆ ಅನ್ನ ನೀರು ಬಿಟ್ಟು ಕೋಣೆಯಲ್ಲಿ ಕೂತು ಸಾಲ ತೀರಿಸುವಂತೆ ಅವನ್ನೆಲ್ಲ ಮುಗಿಸುತ್ತಿದ್ದೆನೆಂದು ಆತನೇ ಮುಂದೆ ಹೇಳಿಕೊಂಡಿದ್ದಾನೆ.

1529ರಲ್ಲಿ ಆತ ಮದುವೆಯ ವಿಧಿಯ ಕಿರುಪುಸ್ತಕವೊಂದನ್ನು ಬರೆದ. ಮದುವೆ ಲೌಕಿಕ ವ್ಯವಹಾರ, ಆದರೆ ವಧೂವರರು ಕೇಳಿದರೆ ಪಾದ್ರಿ ಪ್ರಾರ್ಥಿಸಿ ಹರಸಬೇಕು ಎಂಬುದು ಅದರ ನಿಲುವು. ಒಪ್ಪಿಗೆಯ ಮಾತು ಚರ್ಚಿನ ಬಾಗಿಲಲ್ಲಿ. ದೇವರ ವಾಕ್ಯ, ಪ್ರಾರ್ಥನೆ ಒಳಗೆ ವೇದಿಕೆಯ ಮುಂದೆ. ಅದೇ ವರ್ಷ ಬಂದ ಚಿಕ್ಕ ಧರ್ಮಬೋಧೆಯಲ್ಲಿ ಬೆಳಗಿನ, ಮಲಗುವ ಹೊತ್ತಿನ, ಊಟದ ಪ್ರಾರ್ಥನೆಗಳನ್ನು ಮನೆಮಂದಿಗೆ ಕಲಿಸುವ ಹೊಣೆಯನ್ನು ಮನೆಯ ಯಜಮಾನನಿಗೆ ವಹಿಸಿದ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಪಾದ್ರಿಗಳೂ ಮನೆಯ ಪ್ರಾರ್ಥನೆಗೆ ಒತ್ತು ಕೊಟ್ಟ ಜರ್ಮನ್ ಪ್ರಾಟೆಸ್ಟೆಂಟ್ ಪರಂಪರೆಯವರೇ.

ಹೇಳುವುದು ಸುಲಭ. ಮಠದಲ್ಲಿ ಗಂಟೆ ಬಾರಿಸಿ ಎಬ್ಬಿಸುವವರಿರುತ್ತಾರೆ. ಸಂಸಾರದಲ್ಲಿ ಎಬ್ಬಿಸುವುದು ಅಳುವ ಮಗು. ಕತರೀನಾ ಬಿಯರ್ ತಯಾರಿಸುತ್ತಿದ್ದಳು, ಹಂದಿ ಸಾಕುತ್ತಿದ್ದಳು, ತೋಟ ನೋಡಿಕೊಂಡು ಮನೆ ತುಂಬ ಇದ್ದ ವಿದ್ಯಾರ್ಥಿಗಳಿಗೆ ಊಟ ಹಾಕುತ್ತಿದ್ದಳು. ಈಸ್ಟರಿನೊಳಗೆ ಬೈಬಲ್ ಪೂರ್ತಿ ಓದಿದರೆ 50 ಗುಲ್ಡನ್ ಕೊಡುವುದಾಗಿ ಗಂಡ ಆಕೆಗೆ ಆಸೆ ತೋರಿಸಿದ್ದು 1535ರ ಪತ್ರವೊಂದರಲ್ಲಿದೆ. ಓದಲು ಪುರುಸೊತ್ತು ಎಲ್ಲಿತ್ತೋ!

ಅದೇ ವರ್ಷ ಪೀಟರ್ ಬೆಸ್ಕೆನ್‌ಡಾರ್ಫ್ ಎಂಬ ಊರ ಕ್ಷೌರಿಕ ಹೇಗೆ ಪ್ರಾರ್ಥಿಸಬೇಕೆಂದು ಕೇಳಿದ. ಆ ಹಳೆಯ ಸ್ನೇಹಿತನಿಗಾಗಿ ಲೂಥರ್ ಪುಟ್ಟ ಪುಸ್ತಕವನ್ನೇ ಬರೆದುಕೊಟ್ಟ. ಬೆಳಗಿನ ಮೊದಲ ಕೆಲಸ, ರಾತ್ರಿಯ ಕೊನೆಯ ಕೆಲಸ ಪ್ರಾರ್ಥನೆಯಾಗಲಿ. ಇನ್ನೊಂದು ಗಂಟೆ ಬಿಟ್ಟು ಮಾಡಿದರಾಯಿತು ಎಂದುಕೊಂಡರೆ ಆ ಗಂಟೆ ಬಾರದು. ಕ್ಷೌರ ಮಾಡುವವನ ಕಣ್ಣು ಕತ್ತಿಯ ಮೇಲಿರಬೇಕು, ಹರಟುತ್ತ ಅತ್ತಿತ್ತ ನೋಡಿದರೆ ಗಿರಾಕಿಯ ಮೂಗೋ ಕತ್ತೋ ಹೋದೀತು. ಪ್ರಾರ್ಥಿಸುವವನ ಮನಸ್ಸೂ ಹಾಗೆಯೇ. ನಡುವೆ ಒಳ್ಳೆಯ ವಿಚಾರವೊಂದು ಹೊಳೆದರೆ ಉಳಿದದ್ದನ್ನು ಬಿಟ್ಟು ಸುಮ್ಮನೆ ಕೇಳಿಸಿಕೊ ಎನ್ನುತ್ತಾನೆ.

ಆ ವಸಂತದಲ್ಲೇ, ಈಸ್ಟರಿನ ಹಿಂದಿನ ದಿನ, ಊಟದ ಮೇಜಿನಲ್ಲಿ ಪೀಟರ್ ತನ್ನ ಅಳಿಯನನ್ನು ಇರಿದು ಕೊಂದ. ಅಳಿಯ ಸಿಪಾಯಿ, ಯಾವ ಆಯುಧವೂ ತನಗೆ ತಾಕದೆಂದು ಕೊಚ್ಚಿಕೊಂಡಿದ್ದನಂತೆ. ಲೂಥರ್ ಮೊದಲಾದವರು ಪರವಾಗಿ ಬೇಡಿಕೊಂಡದ್ದರಿಂದ ಪೀಟರನ ತಲೆ ಉಳಿಯಿತು, ಗಡೀಪಾರಾಯಿತು. ಅವನ ಹೆಸರಿಗೆ ಬರೆದ ಪುಸ್ತಕ ಮಾತ್ರ ಮತ್ತೆ ಮತ್ತೆ ಅಚ್ಚಾಯಿತು, ಇಂದಿಗೂ ಸಿಗುತ್ತದೆ.

ಲೂಥರನ ಮನೆಗೂ ಕಷ್ಟಕಾಲ ಬಂತು. 1542ರ ಸೆಪ್ಟೆಂಬರ್ 20ರಂದು ಹದಿಮೂರರ ಮಗಳು ಮಗ್ದಲೇನಾ ತಂದೆಯ ತೋಳಲ್ಲೇ ತೀರಿಕೊಂಡಳು. ಆತ ಹಾಸಿಗೆಯ ಬಳಿ ಮಂಡಿಯೂರಿ ಅಳುತ್ತ ಪ್ರಾರ್ಥಿಸುತ್ತಿದ್ದ. ತಾಯಿ ಅದೇ ಕೋಣೆಯಲ್ಲಿ, ದುಃಖ ತಡೆಯಲಾರದೆ ತುಸು ದೂರದಲ್ಲಿದ್ದಳು. ಕೆಲವು ದಿನಗಳ ನಂತರ ಆತ ಗೆಳೆಯ ಯುಸ್ಟುಸ್ ಯೋನಾಸನಿಗೆ ಬರೆದ: ಮಗಳು ಒಳ್ಳೆಯ ಕಡೆಗೆ ಹೋದಳೆಂದು ನಾವು ದೇವರಿಗೆ ಕೃತಜ್ಞತೆ ಹೇಳಬೇಕು, ಆದರೆ ಅಳದೆ ಹೇಳಲು ನಮ್ಮಿಬ್ಬರಿಂದಲೂ ಆಗುತ್ತಿಲ್ಲ, ನಮ್ಮ ಬದಲು ನೀನು ಹೇಳು. ಊರಿಗೆಲ್ಲ ಪ್ರಾರ್ಥನೆ ಕಲಿಸಿದವನ ಪತ್ರ ಇದು. ಇದರಷ್ಟು ಪ್ರಾಮಾಣಿಕವಾದ ಮಾತನ್ನು ಆತನ ದೊಡ್ಡ ದೊಡ್ಡ ಸಂಪುಟಗಳಲ್ಲಿ ಹುಡುಕುವುದು ಕಷ್ಟ.

1546ರ ಚಳಿಗಾಲದಲ್ಲಿ ಲೂಥರ್ ಐಸ್ಲೆಬೆನ್ನಿಗೆ ಹೋದಾಗ ಕತರೀನಾಗೆ ನಿದ್ದೆ ಹತ್ತಲಿಲ್ಲ. ಆತ ಫೆಬ್ರವರಿ 10ರಂದು ತಮಾಷೆಯಾಗಿ ಬರೆದ: ನೀನು ಚಿಂತೆ ಮಾಡತೊಡಗಿದ ಮೇಲೆ ಇಲ್ಲಿ ನನ್ನ ಕೋಣೆಯ ಬಾಗಿಲಿಗೇ ಬೆಂಕಿ ಬಂದಿತ್ತು, ತಲೆಯ ಮೇಲೆ ಕಲ್ಲು ಬೀಳುವುದರಲ್ಲಿತ್ತು, ಇನ್ನು ಪ್ರಾರ್ಥಿಸು, ಚಿಂತೆಯನ್ನು ದೇವರಿಗೆ ಬಿಡು. ಎಂಟು ದಿನಗಳ ನಂತರ ಆತ ಅದೇ ಊರಿನಲ್ಲಿ ಕೊನೆಯುಸಿರೆಳೆದ. ಕತರೀನಾ ಹಳೆಯ ಮಠದ ಮನೆಯಲ್ಲಿ ಮಕ್ಕಳೊಂದಿಗೆ ಉಳಿದಳು.