ಅಸಾಮ್ ಪೆಡಾಸ್‌ಗೆ ಖಾರ ಬಂದದ್ದೆಲ್ಲಿಂದ?

ಮಲಾಕಾದ ಮೀನಿನ ಸಾರು ಅಸಾಮ್ ಪೆಡಾಸ್. ಮಲಯ ಭಾಷೇಲಿ ಅಸಾಮ್ ಅಂದ್ರೆ ಹುಳಿ, ಪೆಡಾಸ್ ಅಂದ್ರೆ ಖಾರ. ಹೆಸರಲ್ಲೇ ಅಡುಗೆ ಮುಗೀತು! ಸುಮಾತ್ರದ ಮಿನಾಂಗ್‌ಕಬಾವ್ ಜನರಿಗೆ ಇದೇ ಅಸಾಮ್ ಪಾದೆಹ್.

ಆದ್ರೆ ಈ ಖಾರ ಎಷ್ಟು ಹಳೇದು? ಮೆಣಸಿನಕಾಯಿ ಅಮೆರಿಕದ್ದು; ಅದನ್ನ ಏಷ್ಯಾಕ್ಕೆ ತಂದ ಪೋರ್ಚುಗೀಸರು ಮಲಾಕಾ ಹಿಡಿದಿದ್ದು 1511ರಲ್ಲಿ. ಅದಕ್ಕೂ ಮೊದಲು ಅಲ್ಲಿ ಖಾರ ಅಂದ್ರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಭಾಷೆ ಇದನ್ನ ಮರೆತಿಲ್ಲ ನೋಡಿ: ಮಲಯದ 'ಲಾಡಾ' ಕಾಳುಮೆಣಸು, ಮಿನಾಂಗ್‌ಕಬಾವಿನ 'ಲಾಡೋ' ಮೆಣಸಿನಕಾಯಿ. ನಮ್ಮ ಮೆಣಸಿಗೆ 'ಕಾಯಿ' ಅಂಟಿಕೊಂಡ ಹಾಗೇ!

ಹುಳಿಗೆ ಹುಣಸೆ, ಇಲ್ಲವೇ ಒಣಗಿಸಿದ ಅಸಾಮ್ ಗೆಲುಗೂರ್ ಹೋಳು. ಎಷ್ಟೋ ಪೊಟ್ಟಣಗಳ ಮೇಲೆ ಇಂಗ್ಲಿಷಲ್ಲಿ ಇದಕ್ಕೂ ಹುಣಸೆ ಅಂತಲೇ ಹೆಸರು; ಅಸಲಿಗೆ ಅದು ನಮ್ಮ ಮಲೆನಾಡಿನ ಉಪ್ಪಾಗೆಯ ದಾಯಾದಿ.