ಆಟವೆಂಬ ಮಾತು: ಕ್ರೀಡಾಚಿಕಿತ್ಸೆಯ ಚರಿತ್ರೆ ಮತ್ತು ನಮ್ಮ ಕರಾವಳಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ‘ರಾತ್ರಿ ಆಟ ಇದೆ’ ಎಂದರೆ ಯಕ್ಷಗಾನ. ಮಕ್ಕಳು ಕರಟದಲ್ಲಿ ಮರಳು ತುಂಬಿ ಅನ್ನ ಬಡಿಸುವುದೂ ಆಟವೇ. ಬೇರೊಬ್ಬರಾಗಿ ಮಾತಾಡುವ ಸಲುಗೆ ಎರಡರಲ್ಲೂ ಇದೆ. ತನ್ನ ಹೆದರಿಕೆಯನ್ನು ತನ್ನದೆಂದು ಹೇಳಲಾರದ ಮಗು ಅದನ್ನು ಗೊಂಬೆಯ ಬಾಯಲ್ಲಿ ಹೇಳಿಸೀತು ಎಂಬ ನಂಬಿಕೆಯೇ ಕ್ರೀಡಾಚಿಕಿತ್ಸೆಯ ತಳಹದಿ.

ಆಟಿಕೆ ಹೇಗಿರಬೇಕೆಂದು ಚರಕಸಂಹಿತೆಯ ಶಾರೀರಸ್ಥಾನ ಹೇಳುತ್ತದೆ: ಬಣ್ಣದ್ದು, ಸದ್ದು ಮಾಡುವಂಥದ್ದು, ಹಗುರವಾದದ್ದು, ಮೊನಚಿರಬಾರದು, ಬಾಯೊಳಗೆ ಹೋಗಬಾರದು, ಮಗುವನ್ನು ಹೆದರಿಸಬಾರದು. ಇದನ್ನು ಹಿಡಿದು ಕ್ರೀಡಾಚಿಕಿತ್ಸೆ ನಮ್ಮಲ್ಲಿ ಆಗಲೇ ಇತ್ತು ಎಂದು ವಾದಿಸಿದರೆ ಅತಿಯಾಯಿತು. ಅದು ಶಿಶುಪಾಲನೆಯ ಮಾತು.

ಚಿಕಿತ್ಸೆಯಾಗಿ ಆಟದ ಕಥೆ ವಿಯೆನ್ನಾದಿಂದ ಶುರು. ಹರ್ಮಿನ್ ಹುಗ್-ಹೆಲ್ಮುತ್ 1921ರಲ್ಲಿ ಮಕ್ಕಳ ಮನೋವಿಶ್ಲೇಷಣೆಯ ಕುರಿತು ಪ್ರಬಂಧ ಪ್ರಕಟಿಸಿದರು. ಮೆಲನಿ ಕ್ಲೈನ್ 1932ರ ತಮ್ಮ ಗ್ರಂಥದಲ್ಲಿ ಆಟದ ಒಳಾರ್ಥಗಳನ್ನು ಬಗೆದು ಮಗುವಿಗೇ ಬಿಡಿಸಿ ಹೇಳುವ ಪದ್ಧತಿಯನ್ನು ಮಂಡಿಸಿದರು. ಆನಾ ಫ್ರಾಯ್ಡ್ ಇದನ್ನು ಒಪ್ಪಲಿಲ್ಲ. ಅವರ ಜಗಳಕ್ಕಿಂತ ನನಗೆ ಹೆಚ್ಚು ಹಿಡಿಸುವುದು ಲಂಡನ್ನಿನ ಮಾರ್ಗರೆಟ್ ಲೋವೆನ್‌ಫೆಲ್ಡ್. ಎಚ್. ಜಿ. ವೆಲ್ಸ್ ತನ್ನ ಮಕ್ಕಳ ನೆಲದಾಟಗಳ ಬಗ್ಗೆ 1911ರಲ್ಲಿ ಬರೆದ ಪುಸ್ತಕದಿಂದ ಪ್ರೇರಣೆ ಪಡೆದು, ಅವರು 1929ರ ಹೊತ್ತಿಗೆ ಮರಳಿನ ತಟ್ಟೆ, ನೀರು, ಪುಟ್ಟ ಗೊಂಬೆಗಳನ್ನು ಮಕ್ಕಳ ಮುಂದಿಟ್ಟರು. ಮಕ್ಕಳೇ ಅದನ್ನು ‘ಪ್ರಪಂಚ’ ಎಂದು ಕರೆದರು. 1947ರಲ್ಲಿ ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ದಾರಿಯನ್ನೇ ತಿರುಗಿಸಿದರು: ಮಗು ಮುಂದೆ ಹೋಗಲಿ, ಚಿಕಿತ್ಸಕ ಹಿಂದೆ ಬರಲಿ; ಅವಸರ ಬೇಡ; ತೀರಾ ಅಗತ್ಯವಾದ ಕಟ್ಟುಪಾಡು ಮಾತ್ರ ಇರಲಿ.

ಫಲವೇನು? 2005ರಲ್ಲಿ ಬ್ರಾಟನ್ ಮತ್ತು ಸಂಗಡಿಗರು 93 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಪರಿಣಾಮದ ಪ್ರಮಾಣ ಸರಾಸರಿ 0.80 ಎಂದರು, ಸಂಖ್ಯಾಶಾಸ್ತ್ರದ ರೂಢಿಯಲ್ಲಿ ಅದು ದೊಡ್ಡದೇ. ತಂದೆತಾಯಿಯನ್ನು ತರಬೇತಿಗೊಳಿಸಿ ಅವರಿಂದಲೇ ಆಡಿಸಿದಲ್ಲಿ ಫಲ ಇನ್ನೂ ಹೆಚ್ಚು. ಈ ಅಂಕಿಗಳನ್ನು ಹಾಗೆಯೇ ನಮ್ಮೂರಿಗೆ ಹಚ್ಚಲು ನಾನು ಅಳುಕುತ್ತೇನೆ.

ಇನ್ನು ನಮ್ಮ ನಾಡಿನ ಕಡೆ ಬಂದರೆ, ಬೆಂಗಳೂರಿನಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅದು 1974ರಲ್ಲಿ ಮಾನಸಿಕ ಆಸ್ಪತ್ರೆಯೊಡನೆ ಸೇರಿ ನಿಮ್ಹಾನ್ಸ್ ಆಯಿತು. ಅಲ್ಲಿ ಪ್ರಾಧ್ಯಾಪಕಿಯಾಗಿದ್ದ ಮಾಳವಿಕಾ ಕಪೂರ್ ಭಾರತೀಯ ಶಾಲೆಗಳಲ್ಲಿನ ಮಾನಸಿಕ ಆರೋಗ್ಯದ ಬಗ್ಗೆ 1997ರಲ್ಲಿ ಪುಸ್ತಕ ಬರೆದು, ಶಿಕ್ಷಕರನ್ನೂ ಈ ಕೆಲಸಕ್ಕೆ ಎಳೆದರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಜಾರಿಯಾದದ್ದು 1996ರಲ್ಲಿ, ನಮ್ಮದೇ ಬಳ್ಳಾರಿಯ ಪ್ರಯೋಗದ ಮಾದರಿಯಲ್ಲಿ.

ಕರಾವಳಿಗೆ ಆಟ ಯಾಕೆ ಒಗ್ಗುತ್ತದೆಂದರೆ, ಇಲ್ಲಿ ಮನೆಮಾತು ಒಂದಲ್ಲ. ಭಟ್ಕಳದ ಮನೆಯಲ್ಲಿ ನವಾಯತಿ, ಹೊನ್ನಾವರದ ಕೇರಿಯಲ್ಲಿ ಕೊಂಕಣಿ, ಕುಮಟಾದ ಹಾಲಕ್ಕಿ ಕೊಪ್ಪದಲ್ಲಿ ಅದರದೇ ಕನ್ನಡ. ಶಾಲೆಯ ಮಾತಿನಲ್ಲಿ ‘ಏನಾಯ್ತು?’ ಎಂದು ಕೇಳಿದರೆ ಮಗು ಸುಮ್ಮನಾಗುತ್ತದೆ. ಅಪ್ಪ ಗಲ್ಫಿನಲ್ಲಿರುವ ಮಗು ವಿಮಾನವನ್ನು ಹತ್ತು ಸಲ ಇಳಿಸಿ ಹತ್ತು ಸಲ ಹಾರಿಸಲು ವ್ಯಾಕರಣ ಬೇಕಿಲ್ಲ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳ ಕೆಲಸ ಬೇರೆ: ಸರದಿ ಕಾಯುವುದು, ಸೋಲು ನುಂಗುವುದು. ಅದು ಮುನಿಸಿನ ಮಗುವಿಗೆ ಒದಗೀತು. ಬಾಯಿಗೆ ಬಾರದ ದುಃಖಕ್ಕೆ ಮರಳೇ ಮೇಲು.

ಮರಳಿಗೆ ಇಲ್ಲಿ ಬರವಿಲ್ಲ. ಲಂಡನ್ನಿನ ಗೊಂಬೆಪೆಟ್ಟಿಗೆಯನ್ನು ಹಾಗೇ ತರಿಸದೆ, ಪಾತಿದೋಣಿ, ಬಲೆ, ಚಿಪ್ಪು, ತೆಂಗಿನಮರ, ಮಸೀದಿ, ದೇವಸ್ಥಾನ, ಚಂಡೆಯವನ ಗೊಂಬೆ ಇಟ್ಟರಾಯಿತು. ಸಿಗದೇ ಇರುವುದು, ಮಗು ದೋಣಿಯನ್ನು ಮರಳಿನಲ್ಲಿ ಹೂತಾಗ ‘ಯಾಕೆ?’ ಎನ್ನದೆ ಪಕ್ಕದಲ್ಲಿ ಕೂರಲು ಕಲಿತ ದೊಡ್ಡವರು.