ಕತ್ತಲೆ ಕಟ್ಟುವ ಕಸುಬು: ಬ್ಲ್ಯಾಕ್ ಮೆಟಲ್, ಬರ್ಗೆನ್‌ನಿಂದ ಬೆಂಗಳೂರಿನವರೆಗೆ

1993ರ ಮಾರ್ಚ್‌ನಲ್ಲಿ ನಾರ್ವೆಯ ವರ್ಗ್ ವಿಕರ್ನೆಸ್ ತನ್ನೊಬ್ಬನದೇ ಬ್ಯಾಂಡ್ ಆದ ‘ಬರ್ಜಮ್’ಗಾಗಿ ‘ಫಿಲೊಸೊಫೆಮ್’ ಆಲ್ಬಮ್ ರೆಕಾರ್ಡ್ ಮಾಡಲು ಕೂತಾಗ ಸೌಂಡ್ ಎಂಜಿನಿಯರ್‌ನನ್ನು ಕೇಳಿದ್ದು ಒಂದೇ ಮಾತು: ಇರುವುದರಲ್ಲೆಲ್ಲ ತೀರಾ ಕೆಟ್ಟ ಮೈಕು ಯಾವುದು? ಹುಡುಕಿದಾಗ ಒಂದು ಹೆಡ್‌ಸೆಟ್ ಸಿಕ್ಕಿತು, ಅದರಲ್ಲೇ ಹಾಡಿದ. ಗಿಟಾರಿಗೆ ಆಂಪ್ಲಿಫೈಯರ್ ಇಟ್ಟುಕೊಳ್ಳಲಿಲ್ಲ. ಹಳೆಯ ಫಜ್ ಪೆಡಲ್ ಹಚ್ಚಿ ಸಹೋದರನ ಸ್ಟೀರಿಯೊಗೆ ತಂತಿ ಚುಚ್ಚಿದ. 1996ರಲ್ಲಿ ಆಲ್ಬಮ್ ಹೊರಬಂದಾಗ ಅವನು ಕೊಲೆ ಕೇಸಿನಲ್ಲಿ ಜೈಲಿನಲ್ಲಿದ್ದ. ಅದರ ದನಿ ಮಾತ್ರ ಜಗತ್ತಿನ ಎಷ್ಟೋ ಹುಡುಗರ ಕಿವಿಗೆ ಅಂಟಿಕೊಂಡಿತು. ಗೋಡೆಯಾಚೆ ಯಾವುದೋ ಯಂತ್ರ ಗುಂಯ್‌ಗುಡುತ್ತಿದೆ, ಅದರೊಳಗೆ ಸಿಕ್ಕಿಕೊಂಡ ಮನುಷ್ಯನೊಬ್ಬ ಕಿರುಚುತ್ತಿದ್ದಾನೆ ಎಂಬಂಥ ದನಿ.

ಬ್ಲ್ಯಾಕ್ ಮೆಟಲ್ ಎಂಬ ಈ ಸಂಗೀತದ ಸುದ್ದಿ ಎತ್ತಿದರೆ ಸಾಕು, ಬಿಳಿ-ಕಪ್ಪು ಬಣ್ಣ ಬಳಿದ ಮುಖ, ತಲೆಕೆಳಗಾದ ಶಿಲುಬೆ, ಸುಟ್ಟ ಇಗರ್ಜಿಗಳೇ ಮುಂದೆ ಬರುತ್ತವೆ. ಅದರಲ್ಲಿ ಸುಳ್ಳೇನಿಲ್ಲ. 1992ರ ಜೂನ್‌ನಲ್ಲಿ ಬರ್ಗೆನ್ ಬಳಿಯ ಫಾಂಟಾಫ್ಟ್ ಮರದ ಇಗರ್ಜಿ ಬೂದಿಯಾಯಿತು. 1993ರ ಆಗಸ್ಟ್‌ನಲ್ಲಿ ‘ಮೇಹೆಮ್’ ಬ್ಯಾಂಡಿನ ಗಿಟಾರಿಸ್ಟ್ ಯೂರೊನಿಮಸ್‌ನನ್ನು ಇದೇ ವಿಕರ್ನೆಸ್ ಇರಿದು ಕೊಂದ. ಆದರೆ ಬೆಂಕಿ, ಕೊಲೆಗಳಿಂದ ಹಾಡು ಹುಟ್ಟುವುದಿಲ್ಲ. ಕೇಳುಗನನ್ನು ಹಿಡಿದು ಕೂರಿಸುವ ಆ ‘ವಾತಾವರಣ’ ಹುಟ್ಟಿದ್ದು ರಾಗ ಕಟ್ಟುವ, ತಾಳ ಹಾಕುವ, ದನಿ ಹಿಡಿಯುವ ಕಸುಬಿನಲ್ಲಿ. ಅದು ಹೇಗೆ ಬೆಳೆಯಿತು, ನಮ್ಮ ಕಡೆ ಎಷ್ಟು ಬಂತು, ಎಲ್ಲಿ ನಿಂತಿತು ಎಂಬುದಷ್ಟೇ ಇಲ್ಲಿನ ಮಾತು.

ಈ ಪ್ರಕಾರಕ್ಕೆ ಹೆಸರು ಕೊಟ್ಟವರು ಇಂಗ್ಲೆಂಡಿನ ನ್ಯೂಕಾಸಲ್‌ನ ‘ವೆನಮ್’. 1982ರಲ್ಲಿ ಅವರ ‘ಬ್ಲ್ಯಾಕ್ ಮೆಟಲ್’ ಆಲ್ಬಮ್ ಬಂತು. ಅದರಲ್ಲಿ ಕತ್ತಲೆ ಇದ್ದದ್ದು ಕವರಿನ ಮೇಲೆ, ಪದಗಳಲ್ಲಿ; ಸಂಗೀತ ಹೆಚ್ಚುಕಡಿಮೆ ಕುಡಿದ ಅಮಲಿನ ರಾಕ್. ಕತ್ತಲೆ ದನಿಗೆ ಇಳಿದದ್ದು ಸ್ವೀಡನ್ನಿನ ‘ಬ್ಯಾಥೊರಿ’ಯಿಂದ. ಕ್ವೋರ್ಥಾನ್ ಎಂಬ ಹುಡುಗ ಗ್ಯಾರೇಜಿನೊಳಗಿನ ಅಗ್ಗದ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿದ್ದರಿಂದ ವಾದ್ಯಗಳೆಲ್ಲ ಮಂಜಿನಲ್ಲಿ ಮುಳುಗಿದಂತೆ ಕೇಳಿದವು. 1987ರ ‘ಅಂಡರ್ ದ ಸೈನ್ ಆಫ್ ದ ಬ್ಲ್ಯಾಕ್ ಮಾರ್ಕ್’ ಹೊತ್ತಿಗೆ ಆ ಮಂಜು ಕಾಸಿನ ಕೊರತೆಯಾಗಿ ಉಳಿದಿರಲಿಲ್ಲ, ಶೈಲಿಯೇ ಆಗಿತ್ತು. ಬಡತನದಿಂದ ಬಂದದ್ದನ್ನು ಮುಂದಿನವರು ಬೇಕೆಂದೇ ಮಾಡಿದರು. ವಿಕರ್ನೆಸ್‌ನ ಹೆಡ್‌ಸೆಟ್ ಬಂದದ್ದು ಅದೇ ದಾರಿಯಲ್ಲಿ.

ಈಗ ಗಿಟಾರಿನ ಹತ್ತಿರ ಹೋಗೋಣ. ಸಾಮಾನ್ಯ ಹೆವಿ ಮೆಟಲ್‌ನಲ್ಲಿ ಬಾರಿಸುವುದು ‘ಪವರ್ ಕಾರ್ಡ್’, ಅಂದರೆ ಷಡ್ಜ-ಪಂಚಮದ ಜೋಡಿ. ಅದು ಗಟ್ಟಿ, ಮುಷ್ಟಿ ಬಿಗಿದಂತೆ. ನಾರ್ವೆಯಲ್ಲಿ ‘ಥೋರ್ನ್ಸ್’ನ ಸ್ನೋರೆ ರುಖ್ ಮತ್ತು ಯೂರೊನಿಮಸ್ ಆ ಜೋಡಿಯನ್ನು ಒಡೆದರು. ಕೋಮಲ ಗಾಂಧಾರ ಸೇರಿದ ಪೂರ್ತಿ ಮೈನರ್ ಕಾರ್ಡನ್ನು ತಂತಿಗಳಗಲ ಹರಡಿ, ಅದಕ್ಕೆ ಡಿಸ್ಟಾರ್ಷನ್ ಹಚ್ಚಿ, ಬಲಗೈಯಿಂದ ಎಡೆಬಿಡದೆ ಮೇಲೆ-ಕೆಳಗೆ ಉಜ್ಜಿದರು. ಡಿಸ್ಟಾರ್ಷನ್ ಕೆಳಗೆ ಆ ಸ್ವರಗಳು ಒಂದಕ್ಕೊಂದು ತಿಕ್ಕಿ, ಯಾರೂ ಬಾರಿಸದ ಇನ್ನಷ್ಟು ಸ್ವರಗಳು ಮೇಲೇಳುತ್ತವೆ. ಬಲಗೈ ಸೆಕೆಂಡಿಗೆ ಹತ್ತಾರು ಸಲ ಓಡುತ್ತಿದ್ದರೂ ಎಡಗೈ ನಿಧಾನ. ನಾಲ್ಕೋ ಎಂಟೋ ಮಾತ್ರೆಗೊಮ್ಮೆ ಒಂದು ಬೆರಳು ಸರಿಯುತ್ತದೆ, ಅದೂ ಅರ್ಧ ಸ್ವರದಷ್ಟು. ಡ್ರಮ್ ಕೂಡ ಹಾಗೆಯೇ: ‘ಬ್ಲಾಸ್ಟ್ ಬೀಟ್’ ಎಂಬ ಆ ದಟ್ಟ ಹೊಡೆತ ಒಂದು ಮಿತಿ ದಾಟಿದ ಮೇಲೆ ತಗಡಿನ ಮೇಲೆ ಬೀಳುವ ಮಳೆಯಾಗಿಬಿಡುತ್ತದೆ, ಕಿವಿ ಎಣಿಸುವುದನ್ನು ಬಿಡುತ್ತದೆ. ವೇಗದ ತುತ್ತತುದಿಯಲ್ಲಿ ಸಂಗೀತ ನಿಂತಂತೆ ಅನ್ನಿಸುವುದು ಈ ಪ್ರಕಾರದ ನಿಜವಾದ ಶೋಧ. ಉಳಿದದ್ದೆಲ್ಲ ವೇಷ.

1994ರಲ್ಲಿ ಈ ಕಸುಬು ಎರಡು ದಿಕ್ಕಿಗೆ ಒಡೆಯಿತು. ಆ ವರ್ಷ ಹೊರಬಂದ ಮೇಹೆಮ್‌ನ ‘ದೆ ಮಿಸ್ಟೀರಿಯಿಸ್ ದಾಮ್ ಸಾತಾನಾಸ್’ ರೆಕಾರ್ಡ್ ಆದದ್ದು ಬರ್ಗೆನ್‌ನ ಗ್ರೀಗ್‌ಹಾಲನ್‌ನಲ್ಲಿ, ಅಂದರೆ ನಗರದ ಫಿಲ್‌ಹಾರ್ಮೋನಿಕ್ ವಾದ್ಯಮೇಳ ನುಡಿಸುವ ದೊಡ್ಡ ಸಭಾಂಗಣದ ಕಟ್ಟಡದಲ್ಲಿ. ಎಂಜಿನಿಯರ್ ‘ಪಿಟನ್’ ಎಂದೇ ಹೆಸರಾದ ಐರಿಕ್ ಹುಂಡ್ವಿನ್. ಡ್ರಮ್ಮನ್ನು ದೊಡ್ಡ ಹಾಲಿನಲ್ಲೇ ಇಟ್ಟು ಹಿಡಿದದ್ದರಿಂದ ಪ್ರತಿ ಪೆಟ್ಟಿನ ಹಿಂದೆ ಖಾಲಿ ಜಾಗದ ಅಳತೆ ಕೇಳಿಸುತ್ತದೆ. ಹಂಗೇರಿಯಿಂದ ಬಂದ ಅಟಿಲಾ ಚಿಹಾರ್ ಕಿರುಚುವ ಬದಲು ಪಾದ್ರಿಯಂತೆ ಗೊಣಗಿದ, ನರಳಿದ, ಮಂತ್ರ ಹೇಳಿದ. ಕೊಂದವನ ಬೇಸ್, ಸತ್ತವನ ಗಿಟಾರ್ ಒಂದೇ ರೆಕಾರ್ಡಿನಲ್ಲಿ ಜತೆಗೂಡಿವೆ ಎಂಬುದನ್ನು ಮರೆತು ಕೇಳಿದರೂ ಅದು ದೊಡ್ಡ ಕೆಲಸವೇ.

ಇನ್ನೊಂದು ದಿಕ್ಕು ‘ಡಾರ್ಕ್‌ಥ್ರೋನ್’ನದು. ಅದೇ ವರ್ಷದ ‘ಟ್ರಾನ್ಸಿಲ್ವೇನಿಯನ್ ಹಂಗರ್’ನಲ್ಲಿ ಫೆನ್ರಿಜ್ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದ ಮುಂದೆ ಕೂತು ಗಿಟಾರ್, ಬೇಸ್, ಡ್ರಮ್ ಮೂರನ್ನೂ ತಾನೇ ಬಾರಿಸಿದ, ನಾಕ್ಟರ್ನೊ ಕುಲ್ಟೊ ಬಂದು ಹಾಡಿದ. ಹೆಸರಿನ ಹಾಡು ಆರು ನಿಮಿಷ ಓಡುತ್ತದೆ, ಡ್ರಮ್ಮಿನ ನಡೆ ಹೆಚ್ಚುಕಡಿಮೆ ಒಂದೇ. ಪಲ್ಲವಿ ಎಂದು ಮೇಲೇಳುವ ಜಾಗವಿಲ್ಲ, ಸೋಲೊ ಇಲ್ಲ. ಮೊದಲ ಸಲ ಕೇಳಿದವನಿಗೆ ‘ಇದೇನು ಮುಂದಕ್ಕೇ ಹೋಗ್ತಿಲ್ಲ’ ಅನ್ನಿಸಿದರೆ ತಪ್ಪಲ್ಲ. ಬೇಡದ್ದನ್ನು ತೆಗೆಯುತ್ತಾ ಹೋಗಿ, ತೆಗೆಯಲು ಇನ್ನೇನೂ ಇಲ್ಲದಾಗ ನಿಲ್ಲಿಸಿದ ಸಂಗೀತ ಅದು. ಈ ಆಲ್ಬಮ್ಮಿನ ಹಿಂಬದಿಯಲ್ಲಿ ಆರ್ಯರ ಹೆಮ್ಮೆಯ ಘೋಷಣೆಯೊಂದನ್ನು ಮುದ್ರಿಸಿದ್ದೂ ಉಂಟು. ಜನಾಂಗದ್ವೇಷ ಈ ಕ್ಷೇತ್ರಕ್ಕೆ ಆಗಲೇ ಹತ್ತಿದ ಕಲೆ, ಇಂದಿಗೂ ಪೂರ್ತಿ ಹೋಗಿಲ್ಲ. ಕೇಳುವವರು ತಿಳಿದೇ ಕೇಳಬೇಕು.

ಆಮೇಲಿನ ದಶಕಗಳದ್ದು ಬೇಗ ಹೇಳಿ ಮುಗಿಸಬಹುದು. ‘ಎಂಪರರ್’ ಕೀಬೋರ್ಡ್ ತಂದು ವಾತಾವರಣವನ್ನು ಅರಮನೆಯಷ್ಟು ದೊಡ್ಡದು ಮಾಡಿತು. ನನಗೆ ಅದರಲ್ಲಿ ಸ್ವಲ್ಪ ಸಿನಿಮಾ ಕಾಣುತ್ತದೆ. ‘ಉಲ್ವೆರ್’ 1995ರಲ್ಲಿ ಬೆಟ್ಟ ಕದ್ದೊಯ್ದ ಹುಡುಗಿಯ ಜನಪದ ಕಥೆಯನ್ನು ಹಳೆಯ ಶೈಲಿಯ ಭಾಷೆಯಲ್ಲಿ ಹಾಡಿತು. ಸೈತಾನ ನಿಧಾನಕ್ಕೆ ಹಿಂದೆ ಸರಿದು ಕಾಡು, ಬೆಟ್ಟ, ಊರು ಮುಂದೆ ಬಂದವು. ಅಮೆರಿಕದ ವಾಷಿಂಗ್ಟನ್ ರಾಜ್ಯದ ‘ವುಲ್ವ್ಸ್ ಇನ್ ದ ಥ್ರೋನ್ ರೂಮ್’ನ ವೀವರ್ ಸಹೋದರರು ಹೊಲಮನೆಯಲ್ಲಿದ್ದುಕೊಂಡು ತಮ್ಮ ಸೀಮೆಯ ಮಳೆಕಾಡನ್ನು ಹಾಡಿದರು. ರುಮೇನಿಯಾದ ‘ನೆಗುರಾ ಬುಂಗೆಟ್’ 2006ರ ‘ಓಮ್’ನ ಕಾಲಕ್ಕೆ ಮಠಗಳಲ್ಲಿ ಬಡಿಯುವ ಮರದ ಹಲಗೆ ‘ತೊಆಕಾ’ವನ್ನು ತನ್ನ ವಾದ್ಯವಾಗಿಸಿಕೊಂಡಿತ್ತು. ‘ಪ್ಯಾನಾಪ್ಟಿಕಾನ್’ 2012ರ ‘ಕೆಂಟಕಿ’ಯಲ್ಲಿ ಬ್ಯಾಂಜೊ ಬಾರಿಸಿ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರದ ಹಾಡುಗಳನ್ನು ಸೇರಿಸಿತು. ಬರ್ಗೆನ್‌ನ ಚಳಿಯನ್ನು ನಕಲು ಮಾಡುವುದಕ್ಕಿಂತ ತನ್ನೂರಿನ ಹವೆ ಹಿಡಿಯುವುದೇ ಈ ಪ್ರಕಾರದ ಧರ್ಮ ಎಂದು ಇವರೆಲ್ಲ ತೋರಿಸಿದರು.

ಏಷ್ಯಾಕ್ಕೂ ಇದು ಬೇಗನೆ ಬಂತು. ಜಪಾನಿನ ‘ಸೈ’ ಬ್ಯಾಂಡಿನ ಮೊದಲ ಆಲ್ಬಮ್ಮನ್ನು 1993ರಲ್ಲಿ ಹೊರತಂದದ್ದು ಯೂರೊನಿಮಸ್‌ನ ಲೇಬಲ್. ಸಿಂಗಪುರದಲ್ಲಿ 1992ರಲ್ಲಿ ಹುಟ್ಟಿದ ‘ರುದ್ರ’ದವರು ಭಾರತೀಯ ಮೂಲದವರು, 2005ರಿಂದ 2011ರವರೆಗೆ ‘ಬ್ರಹ್ಮವಿದ್ಯಾ’ ಎಂಬ ಮೂರು ಆಲ್ಬಮ್‌ಗಳ ಮಾಲೆಯಲ್ಲಿ ವೇದಾಂತವನ್ನೂ ಸಂಸ್ಕೃತ ಪಠಣವನ್ನೂ ಬ್ಲ್ಯಾಕ್-ಡೆತ್ ಮೆಟಲ್‌ಗೆ ಕಟ್ಟಿದರು. ಕೋಲ್ಕತ್ತದ ‘ಹೀದನ್ ಬೀಸ್ಟ್’ ತದ್ವಿರುದ್ಧ: ‘ಅಯೋಧ್ಯಾ ಬರ್ನ್ಸ್’ನಿಂದ ಆರಂಭಿಸಿ ಧರ್ಮ-ರಾಜಕಾರಣವನ್ನೇ ನೇರ ಬೈದುಕೊಂಡು ಬಂದಿದೆ.

ಬೆಂಗಳೂರಿನ ಕಥೆ ಬೇರೆ. ಮೆಟಲ್ ರಾಜಧಾನಿ ಎಂಬ ಹೆಸರು ಅದಕ್ಕಿದೆ. 2007ರ ಮಾರ್ಚ್‌ನಲ್ಲಿ ಅರಮನೆ ಮೈದಾನದಲ್ಲಿ ‘ಐರನ್ ಮೇಡನ್’, 2011ರ ಅಕ್ಟೋಬರ್‌ನಲ್ಲಿ ಅಲ್ಲೇ ‘ಮೆಟಾಲಿಕಾ’, 2012ರಿಂದ ‘ಬ್ಯಾಂಗಲೋರ್ ಓಪನ್ ಏರ್’ ಉತ್ಸವ. 1998ರಲ್ಲಿ ಶುರುವಾದ ಇಲ್ಲಿನ ‘ಕ್ರಿಪ್ಟೋಸ್’ 2013ರಲ್ಲಿ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂತು. ಇಷ್ಟೆಲ್ಲ ಇದ್ದೂ ಬೆಂಗಳೂರಿನಲ್ಲಿ ಬ್ಲ್ಯಾಕ್ ಮೆಟಲ್ ಗಟ್ಟಿಯಾಗಿ ಬೇರೂರಲಿಲ್ಲ. ಕಾರಣ ಹವೆಯಲ್ಲಿಲ್ಲ, ವೇದಿಕೆಯಲ್ಲಿದೆ ಎಂಬುದು ನನ್ನ ಅನಿಸಿಕೆ. ಇಲ್ಲಿನ ಬ್ಯಾಂಡುಗಳು ಬೆಳೆದದ್ದು ಕಾಲೇಜು ಫೆಸ್ಟ್‌ಗಳ ಸ್ಪರ್ಧೆಗಳಲ್ಲಿ. ಇಪ್ಪತ್ತು-ಇಪ್ಪತ್ತೈದು ನಿಮಿಷದ ಸ್ಲಾಟು, ಮುಂದೆ ಜಡ್ಜು, ಕೆಳಗೆ ತಲೆ ಕುಣಿಸಲು ಕಾದ ಹುಡುಗರು. ಅಲ್ಲಿ ಗೆಲ್ಲುವುದು ಥಟ್ಟನೆ ಹಿಡಿಯುವ ರಿಫ್ಫು, ಬಿಗಿಯಾದ ಕೈಚಳಕ. ಆರು ನಿಮಿಷ ಒಂದೇ ನಡೆಯಲ್ಲಿ ನಿಲ್ಲುವ ಹಾಡಿಗೆ ಅಲ್ಲಿ ಯಾರು ಅಂಕ ಕೊಡುತ್ತಾರೆ? ಗಂಟೆಯ ಲೆಕ್ಕದಲ್ಲಿ ಬಾಡಿಗೆ ಕೊಟ್ಟು ತಾಲೀಮಿಗೆ ಹೋಗುವ ಜ್ಯಾಮ್‌ಪ್ಯಾಡಿನಲ್ಲೂ ವಾತಾವರಣಕ್ಕೆ ಕಾಯುತ್ತ ಕೂರುವಷ್ಟು ಪುರುಸೊತ್ತಿರುವುದಿಲ್ಲ.

ಹಾಗಾಗಿ ವಾತಾವರಣದ ಕೆಲಸ ಇಲ್ಲಿ ಬೇರೆ ಬಾಗಿಲಿನಿಂದ, ಡೂಮ್ ಮತ್ತು ಡೆತ್ ಮೆಟಲ್ ಕಡೆಯಿಂದ ನಡೆಯಿತು. 1990ರ ದಶಕದ ಆರಂಭದಲ್ಲೇ ‘ಡೈಯಿಂಗ್ ಎಂಬ್ರೇಸ್’ ನಿಧಾನವಾದ, ಕೊಳೆತಂಥ ದನಿಯ ಡೂಮ್-ಡೆತ್ ಬಾರಿಸುತ್ತಿತ್ತು. 2009ರ ಹೊತ್ತಿಗೆ ‘ಬೇವರ್ ಸೀ’ ಬಂತು. ಹೆಸರು ಕೇಳಿದರೇ ಕನ್ನಡಿಗರಿಗೆ ನಗು. ನನಗೆ ಇವರೆಲ್ಲರಿಗಿಂತ ಕುತೂಹಲದ್ದು ‘ಜಿನ್ ಆ್ಯಂಡ್ ಮಿಸ್ಕಟಾನಿಕ್’. ಬೇಸ್ ಬಾರಿಸುತ್ತಿದ್ದ ಜಯಪ್ರಕಾಶ್ ಸತ್ಯಮೂರ್ತಿ ಇಂಗ್ಲಿಷಿನಲ್ಲಿ ಬೆಂಗಳೂರಿನ ವಿಲಕ್ಷಣ ಕಥೆಗಳನ್ನು ಬರೆದವರು. 2013ರ ‘ಫಾರೆವರ್ ಇನ್ ದ ರೆಲ್ಮ್’ನಲ್ಲಿ ಗಿಟಾರೇ ಇಲ್ಲ, ಬೇಸು, ಡ್ರಮ್ಮು, ದನಿ, ಅಷ್ಟೇ. ಮೆಟಲ್ ಬ್ಯಾಂಡಿನಿಂದ ಗಿಟಾರ್ ತೆಗೆದರೆ ಮೇಲಿನ ಅರ್ಧ ಖಾಲಿಯಾಗುತ್ತದೆ, ಕೇಳುವವನ ತಲೆ ಆ ಖಾಲಿಯನ್ನು ತಾನೇ ತುಂಬಿಕೊಳ್ಳುತ್ತದೆ. ಡಾರ್ಕ್‌ಥ್ರೋನ್ ಮಾಡಿದ ಕಳೆಯುವ ಲೆಕ್ಕವನ್ನೇ ಇವರು ನಿಧಾನಗತಿಯಲ್ಲಿ ಮಾಡಿದ್ದು.

ಕನ್ನಡಕ್ಕೆ ಈ ಡೆತ್ ಮೆಟಲ್ ದಾರಿಯನ್ನು ತಂದದ್ದು ‘ದ್ವೇಷ’. ಬೆಂಗಳೂರಿನ ಈ ಡೆತ್ ಮೆಟಲ್ ಬ್ಯಾಂಡು ಕನ್ನಡದಲ್ಲೇ ಹಾಡುತ್ತದೆ. 2014ರಲ್ಲಿ ‘ಸ್ತೂಪ’ ರೆಕಾರ್ಡನ್ನು ಹೊರತಂದದ್ದು ಜರ್ಮನಿಯ ‘ಡುಂಕಲ್‌ಹೈಟ್’ ಲೇಬಲ್. ‘ಉಗ್ರ ನರಸಿಂಹ’, ‘ಯುದ್ಧಭೂಮಿ’, ‘ಕಪಾಲಹಾರ’ ಎಂಬ ಹಾಡಿನ ಹೆಸರುಗಳೇ ಅದರ ಲೋಕ ಏನೆಂದು ಹೇಳುತ್ತವೆ. ನಡೆ ಮಧ್ಯಮ ವೇಗದ್ದು, ಭಾರವಾದದ್ದು. ದನಿ ಹೊಟ್ಟೆಯಾಳದ ಗುಟುರು. ಕನ್ನಡ ಇಲ್ಲಿ ಒಂದು ಉಪಕಾರ ಮಾಡಿದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ, ಹಾಗಾಗಿ ಗುಟುರನ್ನು ಕೊನೆಯಲ್ಲಿ ಎಷ್ಟು ಬೇಕಾದರೂ ಎಳೆಯಬಹುದು. ಇಂಗ್ಲಿಷಿನಲ್ಲಿ ವ್ಯಂಜನ ಬಂದು ಕತ್ತರಿಸಿಬಿಡುತ್ತದೆ. ಒತ್ತಕ್ಷರಗಳು ಡ್ರಮ್ಮಿನ ಪೆಟ್ಟಿನ ಮೇಲೆ ಕೂತಾಗ ಸಿಗುವ ತೂಕವೂ ಬೇರೆ. ಪದ ಪೂರ್ತಿ ಅರ್ಥವಾಗದಿದ್ದರೂ ‘ಇದು ಕನ್ನಡ’ ಎಂದು ಕಿವಿ ಗುರುತಿಸಿದಾಗ ಆಗುವ ರೋಮಾಂಚನ ಬೇರಾವ ಬ್ಯಾಂಡಿನಿಂದಲೂ ನನಗೆ ಸಿಕ್ಕಿಲ್ಲ.

ತಕರಾರೂ ಇದೆ. ನರಸಿಂಹನ ಹೆಸರು ಬಂದಾಗ ನಮ್ಮ ಬೀದರಿನವರಿಗೆ ನೆನಪಾಗುವುದು ಝರಣಿ ನರಸಿಂಹನ ಗುಹಾಲಯ. ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದ ಸುಮಾರು 300 ಮೀಟರಿನ ಸುರಂಗ. ನೀರು ಸೊಂಟಕ್ಕೆ, ಕೆಲವು ಕಡೆ ಎದೆಮಟ್ಟಕ್ಕೆ. ತಲೆಯ ಮೇಲೆ ಬಾವಲಿಗಳು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಜನ ‘ಗೋವಿಂದಾ’ ಎಂದು ಕೂಗುತ್ತಾ ಸಾಗುವಾಗ ಕೂಗು ಗೋಡೆಗೆ ಬಡಿದು ಹಿಂದಿನವರ ಕೂಗಿನೊಳಗೆ ಕಲೆಯುತ್ತದೆ, ಯಾರದು ಯಾವುದು ಗೊತ್ತಾಗುವುದಿಲ್ಲ. ಕೊನೆಯ ಗೋಡೆಯಲ್ಲಿ ದೇವರು. ‘ದ್ವೇಷ’ದ ಹಾಡು ನರಸಿಂಹನ ಕಥೆ ಹೇಳುತ್ತದೆ; ಅಂಥ ಜಾಗದ ದನಿಯನ್ನು ಹಿಡಿಯುವ ಹಟ ಅದಕ್ಕಿಲ್ಲ. ಪದ ನಮ್ಮದು, ಗಿಟಾರಿನ ನಡೆ ಮಾತ್ರ ಇಂಗ್ಲೆಂಡಿನ ‘ಬೋಲ್ಟ್ ಥ್ರೋವರ್’, ಹಾಲೆಂಡಿನ ‘ಆಸ್ಫಿಕ್ಸ್’ ಹಾಕಿಕೊಟ್ಟದ್ದು. ಗ್ರೀಗ್‌ಹಾಲನ್ ಮೇಹೆಮ್‌ನ ಇನ್ನೊಬ್ಬ ಸದಸ್ಯನಂತೆ ಕೆಲಸ ಮಾಡಿತ್ತು. ಕನ್ನಡದ ಯಾವ ಮೆಟಲ್ ರೆಕಾರ್ಡಿನಲ್ಲೂ ಜಾಗವೊಂದು ಹಾಗೆ ದುಡಿದದ್ದನ್ನು ನಾನು ಕೇಳಿಲ್ಲ.

ಒಂದೇ ಶ್ರುತಿಯ ಮೇಲೆ ಹೊತ್ತುಗಟ್ಟಲೆ ನಿಲ್ಲುವುದು ನಮಗೆ ಹೊಸದಲ್ಲ. ಭಾಲ್ಕಿ ತಾಲ್ಲೂಕಿನ ಮೆಹಕರದಂಥ ಗಡಿಯೂರುಗಳಲ್ಲಿ ರಾತ್ರಿ ಭಜನೆಗೆ ಕೂತವರಿಗೆ ಇದು ಗೊತ್ತು. ಒಂದು ಕಡೆ ಕನ್ನಡದ ತತ್ವಪದ, ಇನ್ನೊಂದು ಕಡೆ ಮರಾಠಿಯ ಅಭಂಗ. ಏಕತಾರಿಗೆ ಇರುವುದು ಒಂದೇ ತಂತಿ, ಅದು ಬದಲಾಗುವುದಿಲ್ಲ; ದಮ್ಮಡಿ, ತಾಳ ಅದರ ಮೇಲೆ ತಿರುಗುತ್ತಲೇ ಇರುತ್ತವೆ. ಒಬ್ಬ ಸಾಲು ಎತ್ತುತ್ತಾನೆ, ಉಳಿದವರು ಅದನ್ನೇ ಮರಳಿ ಮರಳಿ ಹೇಳುತ್ತಾರೆ. ನಡುರಾತ್ರಿ ದಾಟಿದ ಮೇಲೆ ಲಯ ಏರುತ್ತದೆ, ಸಾಲು ಅದೇ. ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಪದಗಳಲ್ಲಿ ದೇಹ, ಮಣ್ಣು, ಸಾವಿನ ಮಾತಿಗೂ ಬರವಿಲ್ಲ. ಭಕ್ತಿ ಬೇರೆ, ಬ್ಲ್ಯಾಕ್ ಮೆಟಲ್ ಬೇರೆ, ಒಪ್ಪಿದೆ. ಮೆಟಲ್ ಹಾಡಿನ ನಡುವೆ ಏಕತಾರಿ ತುರುಕಿ ‘ಫ್ಯೂಷನ್’ ಮಾಡಿ ಎಂದೂ ನಾನು ಹೇಳುತ್ತಿಲ್ಲ, ಅದರಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಕಲಿಯಬೇಕಾದದ್ದು ಆ ಹೊತ್ತಿನ ಹಿಡಿತ: ಸಾಲನ್ನು ಎಷ್ಟು ಸಲ ಹೇಳಿದ ಮೇಲೆ ಅದು ಸಾಲಾಗಿ ಉಳಿಯುವುದಿಲ್ಲ, ಎಲ್ಲಿ ಏರಬೇಕು, ಎಲ್ಲಿ ಸುಮ್ಮನಿರಬೇಕು.

ಮಾಡಲು ಅಡ್ಡಿಯೂ ಈಗ ಕಡಿಮೆ. ಈ ಪ್ರಕಾರದಲ್ಲಿ ಏಕವ್ಯಕ್ತಿ ಬ್ಯಾಂಡು ಎಂದೂ ಕೀಳಲ್ಲ. ಬರ್ಜಮ್ ಹಾಗೆ, ಸ್ವಿಟ್ಜರ್ಲೆಂಡಿನ ‘ಪೇಸಾಜ್ ದಿವೇರ್’ ಹಾಗೆ, ಪ್ಯಾನಾಪ್ಟಿಕಾನ್ ಕೂಡ ಹೆಚ್ಚಾಗಿ ಒಬ್ಬನದೇ ದುಡಿಮೆ. ಆಸ್ಟ್ರಿಯಾದ ‘ಸಮನಿಂಗ್’ 1995ರಿಂದ ಡ್ರಮ್ಮನ್ನು ಯಂತ್ರದಲ್ಲೇ ಪ್ರೋಗ್ರಾಮ್ ಮಾಡುತ್ತಾ ಬಂದಿದೆ, ಯಾರೂ ಮೂಗು ಮುರಿಯಲಿಲ್ಲ. ಒಂದು ಗಿಟಾರು, ಒಂದು ಆಡಿಯೊ ಇಂಟರ್‌ಫೇಸು, ಒಂದು ಲ್ಯಾಪ್‌ಟಾಪ್ ಇದ್ದರೆ ಭಾಲ್ಕಿಯ ಹಾಸ್ಟೆಲ್ ಕೋಣೆಯಲ್ಲೇ ಕೆಲಸ ನಡೆಯುತ್ತದೆ. ದನಿ ಹಿಡಿಯಲು ಔರಾದ ಕಡೆಯ ಯಾವುದಾದರೂ ಹಾಳು ಬಾವಿಯ ಮೆಟ್ಟಿಲೂ ಆದೀತು. ಸ್ಪರ್ಧೆಯ ಸ್ಲಾಟಿಲ್ಲ, ಜಡ್ಜಿಲ್ಲ. ಬೆಂಗಳೂರಿನವರಿಗೆ ಮೊದಲ ಇಪ್ಪತ್ತು ವರ್ಷ ಸಿಗದಿದ್ದ ಅನುಕೂಲ ಇದೇ.